ಕೆಂಪು ಹಾಳೆ ಕೊಯ್ದ ವಾಗ್ದೇವಿ

ಮದುವೆ ಕಾಲ ಬಂತೆಂದರೆ ಸಾಗರದ ಗುಡಿಗಾರರ ಕೇರಿಯಲ್ಲಿ ವಾಗ್ದೇವಿಗೆ ಉಸಿರಾಡಲು ಪುರುಸೊತ್ತಿರುತ್ತಿರಲಿಲ್ಲ. ಕೆರೆಯಲ್ಲಿ ಬೆಳೆಯುವ ಬೆಂಡನ್ನು ಒಣಗಿಸಿ, ಸಿಪ್ಪೆ ತೆಗೆದು, ಒಳಗಿನ ಬಿಳಿ ತಿರುಳನ್ನು ಕಾಗದಕ್ಕಿಂತ ತೆಳ್ಳಗೆ ಹೆರೆಯಬೇಕು. ಅದರಲ್ಲಿ ಎಸಳು ಕತ್ತರಿಸಬೇಕು, ಎಸಳು ಕೂಡಿಸಿ ಬಾಸಿಂಗ ಕಟ್ಟಬೇಕು. ಗಂಧದ ಕೆತ್ತನೆ ಗಂಡಸರದು, ಬೆಂಡು ಹೆಂಗಸರದು ಎಂದು ಕೇರಿಯಲ್ಲಿ ಮೊದಲಿನಿಂದಲೂ ನಡೆದು ಬಂದಿತ್ತು. ಹಾಗಾಗಿ ಉಳಿ ಹಿಡಿಯುವುದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಆದರೆ ಅಪ್ಪ ಚಂದ್ರಯ್ಯ ಕೆತ್ತುವುದನ್ನು ಮೂವತ್ತು ವರ್ಷ ಎದುರಿಗೆ ಕೂತು ನೋಡಿದ್ದಳು.

ಚಂದ್ರಯ್ಯನೆಂದರೆ ಸಾಮಾನ್ಯ ಕೈಯಲ್ಲ. ಬೆರಳುದ್ದದ ಗಂಧದ ತುಂಡಿನಲ್ಲಿ ಬಳ್ಳಿ, ಬಳ್ಳಿಯ ಮೇಲೆ ಗಿಳಿ, ಗಿಳಿಯ ಕೊಕ್ಕಿನಲ್ಲಿ ಹಣ್ಣು ಬಿಡಿಸುತ್ತಿದ್ದವನು. ಅಂಥವನು ೧೯೭೭ರ ಯುಗಾದಿಯ ಹೊತ್ತಿಗೆ ಕೆಲಸ ನಿಲ್ಲಿಸಿದ. ಕೇಳಿದವರಿಗೆಲ್ಲ, "ಕಣ್ಣು ಮಂಜಾಗಿದೆ ಮಾರಾಯ, ಎಂತ ಮಾಡೂದು" ಎನ್ನುತ್ತಿದ್ದ. ಕಣ್ಣು ಚೆನ್ನಾಗಿಯೇ ಇತ್ತು. ಸುಮ್ಮನೆ ಕೂತಾಗ ಬಲಗೈ ನಡುಗಲು ಶುರುವಾಗಿತ್ತು. ಹೆಬ್ಬೆರಳೂ ತೋರುಬೆರಳೂ ಕಾಣದ ಮಾತ್ರೆಯೊಂದನ್ನು ಉರುಳಿಸುತ್ತಿರುವಂತೆ ತಮ್ಮಷ್ಟಕ್ಕೆ ಆಡುತ್ತಿದ್ದವು. ಆ ಕೈಯನ್ನು ಅವನು ಸದಾ ಹೆಗಲ ಮೇಲಿನ ಟವೆಲಿನಡಿ ಬಚ್ಚಿಟ್ಟುಕೊಳ್ಳುತ್ತಿದ್ದ. ಉಳಿಗಳನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿಸಿದ. ನಿಜ ಗೊತ್ತಿದ್ದದ್ದು ವಾಗ್ದೇವಿಗೂ ಅವಳ ಗಂಡ ಗಜಾನನನಿಗೂ ಮಾತ್ರ. ಗಜಾನನ ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್. ಊರೆಲ್ಲ ಮಾತಾಡುವ ಮನುಷ್ಯ. ಆದರೆ ಮಾವನ ಕೈಯ ಸುದ್ದಿಯನ್ನು ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ.

ಗಿರಿಯಪ್ಪ ಮೇಷ್ಟ್ರನ್ನು ಮನೆಗೆ ಕರೆತಂದದ್ದೂ ಗಜಾನನನೇ. ೧೯೭೯ರ ದೀಪಾವಳಿ ಕಳೆದು ವಾರವಾಗಿತ್ತು. ಮೇಷ್ಟ್ರು ತೀರ್ಥಹಳ್ಳಿ ಕಡೆಯ ಗೌಡರ ಮನೆಯವರು, ಸಾಗರದ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವರು. ಮೊದಲು ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದರಂತೆ. ಬಸ್ಸಿನಲ್ಲಿ, "ಈ ಊರಲ್ಲಿ ಭಾರಿ ಸೂಕ್ಷ್ಮ ಕೈ ಯಾರದ್ದು?" ಎಂದು ಅವರು ಕೇಳಿದಾಗ ಗಜಾನನನ ಬಾಯಿಂದ ಮಾವನ ಹೆಸರು ತಾನಾಗಿ ಬಂದುಬಿಟ್ಟಿತ್ತು. ಆಮೇಲೆ ನಾಲಿಗೆ ಕಚ್ಚಿಕೊಂಡ. ಅಷ್ಟರಲ್ಲಿ ಮೇಷ್ಟ್ರು ಅವನ ಬೆನ್ನ ಹಿಂದೆಯೇ ಇಳಿದಿದ್ದರು.

ಮೇಷ್ಟ್ರು ಜಗಲಿಯಲ್ಲಿ ಕೂತು ಚೀಲದಿಂದ ಉದ್ದದ ಸುರುಳಿಯೊಂದನ್ನು ತೆಗೆದು ಬಿಚ್ಚಿದರು. ಗಾಜಿನಂತೆ ತಿಳಿಯಾದ ಹಾಳೆ, ಅದರ ಮೇಲೆ ಅಂಟಿಸಿದ ಕೆಂಪು ಪೊರೆ.

"ಚಂದ್ರಯ್ಯನೋರೆ, ಮೇಲಿನ ಕೆಂಪು ಮಾತ್ರ ಕೊಯ್ಬೇಕು, ಕೆಳಗಿನ ಹಾಳೆಗೆ ಗೀರು ಬೀಳಬಾರ್ದು. ಕೊಯ್ದಲ್ಲಿ ಕೆಂಪು ಎಬ್ಬಿಸಿ ತೆಗೀಬೇಕು. ಇಂಥ ಏಳು ಹಾಳೆ. ಏಳೂ ಒಂದರ ಮೇಲೊಂದು ಇಟ್ರೆ ಗೆರೆಗೆ ಗೆರೆ ಕೂರ್ಬೇಕು."

"ಎಂತಕ್ಕೆ ಇದು?" ಎಂದ ಚಂದ್ರಯ್ಯ.

"ಒಂದು ಚಿಪ್ ಮಾಡ್ಲಿಕ್ಕೆ. ಈಗಿನ ರೇಡಿಯೋದೊಳಗೆ ಇರ್ತದಲ್ಲ, ಆ ಜಾತಿದು. ಬೆಂಗಳೂರಲ್ಲಿ ಈ ಹಾಳೆಯ ಫೋಟೋ ಹಿಡಿದು, ಇನ್ನೂರೈವತ್ತು ಪಾಲು ಸಣ್ಣ ಮಾಡಿ, ಸಿಲಿಕಾನ್ ಬಿಲ್ಲೆ ಮೇಲೆ ಅಚ್ಚು ಹಾಕ್ತಾರೆ. ಒಂದೂವರೆ ಅಡಿ ಹಾಳೆ ಕಡೆಗೆ ಸಾಸಿವೆಕಾಳಿನಷ್ಟಾಗ್ತದೆ. ಅಯಸ್ಕಾಂತ ಹತ್ತಿರ ಬಂದ್ರೆ ಅದಕ್ಕೆ ಗೊತ್ತಾಗ್ತದೆ. ಎಷ್ಟು ಹತ್ತಿರ ಬಂತು, ಎಷ್ಟು ದೂರ ಹೋಯ್ತು ಅಂತ ಹೇಳ್ತದೆ."

ಬಾಗಿಲ ಬಳಿ ನಿಂತಿದ್ದ ವಾಗ್ದೇವಿ ಕಾಫಿಯ ಲೋಟಗಳನ್ನು ಕೈಯಲ್ಲಿ ಹಿಡಿದೇ ಕೇಳುತ್ತಿದ್ದಳು. ಮೇಷ್ಟ್ರು ಉತ್ಸಾಹದಲ್ಲಿ ಮುಂದುವರಿಸಿದರು. ಚಿಪ್ಪಿನ ನಡುವೆ ಒಂದು ಚೌಕದ ತಟ್ಟೆ ಇರುತ್ತದೆ. ಎದುರುಬದುರಿನ ಎರಡು ಬದಿಗೆ ಕರೆಂಟು ಕೊಟ್ಟರೆ ನೇರ ಹರಿಯುತ್ತದೆ. ಮೇಲೆ ಅಯಸ್ಕಾಂತ ಹಿಡಿದರೆ ಆ ಹರಿವು ಒಂದು ಪಕ್ಕಕ್ಕೆ ವಾಲುತ್ತದೆ. ವಾಲಿದ್ದನ್ನು ಉಳಿದೆರಡು ಬದಿ ಹೇಳುತ್ತವೆ. ಹೇಳುವ ದನಿ ತೀರ ಸಣ್ಣದು, ದೂರ ಒಯ್ಯುವುದರೊಳಗೆ ಕಳೆದುಹೋಗುತ್ತದೆ. ಅದಕ್ಕೇ ದನಿ ಹೆಚ್ಚಿಸುವ ಆಂಪ್ಲಿಫಯರನ್ನೂ ಅದೇ ಸಾಸಿವೆಕಾಳಿನಲ್ಲಿ ಪಕ್ಕದಲ್ಲೇ ಕೂರಿಸಬೇಕು.

"ತೀರ್ಥಹಳ್ಳಿಯಲ್ಲಿ ಮಹಾಗಣಪತಿ ಅಂತ ಡಾಕ್ಟ್ರು ಇದ್ದಾರೆ, ನನ್ನ ಜತೆ ಓದಿದವ್ರು. ಕೈ ನಡುಗೋ ಕಾಯಿಲೆಯವ್ರು ಅವರ ಹತ್ರ ಬರ್ತಾರೆ. ಮದ್ದು ಕೊಟ್ರೆ ನಡುಕ ಎಷ್ಟು ಇಳೀತು ಅಂತ ಅಳೆಯಲಿಕ್ಕೆ ಏನೂ ಇಲ್ಲ. ಭಾರದ ಯಂತ್ರ ಬೆರಳಿಗೆ ಕಟ್ಟಿದ್ರೆ ನಡುಕವೇ ಬದಲಾಗ್ತದೆ. ಎಳ್ಳಿನಷ್ಟು ಅಯಸ್ಕಾಂತ ಉಗುರಿಗೆ ಅಂಟಿಸಿ, ಈ ಚಿಪ್ಪನ್ನ ಪಕ್ಕದಲ್ಲಿ ಇಟ್ರೆ ಆಯ್ತು. ರೋಗಿಗೆ ಗೊತ್ತೂ ಆಗೂದಿಲ್ಲ."

ಗಜಾನನ ಅಂಗಳದ ತುಳಸಿಯನ್ನು ನೋಡತೊಡಗಿದ. ಚಂದ್ರಯ್ಯನ ಟವೆಲು ಸಣ್ಣಗೆ ಅಲ್ಲಾಡುತ್ತಿತ್ತು. ಅವನು ಎಡಗೈಯಿಂದ ಅದನ್ನು ಅದುಮಿ ಹಿಡಿದು, "ನನ್ನ ಕಣ್ಣು ಸರಿ ಇಲ್ಲ ಮೇಷ್ಟ್ರೆ" ಎಂದ.

ಮೇಷ್ಟ್ರ ಕಣ್ಣು ಟವೆಲಿನ ಕಡೆ ಒಮ್ಮೆ ಹೋಗಿ ಕೂಡಲೇ ಹಿಂದಕ್ಕೆ ಬಂತು. ಅವರು ಏನೂ ಕೇಳದೆ ಹಾಳೆ ಸುತ್ತತೊಡಗಿದರು. ಆಗ ವಾಗ್ದೇವಿ ಲೋಟಗಳನ್ನು ಕೆಳಗಿಟ್ಟು, "ಒಂದ್ ತುಂಡು ಕೊಟ್ಟು ಹೋಗಿ. ನಾನು ಕೊಯ್ದು ನೋಡ್ತೀನಿ" ಎಂದಳು.

ಮೂರನೆಯ ದಿನ ಆ ತುಂಡನ್ನು ಗಜಾನನ ಕಾಲೇಜಿಗೆ ಒಯ್ದು ಕೊಟ್ಟ. ಮೇಷ್ಟ್ರು ಅದನ್ನು ಬೆಳಕಿಗೆ ಹಿಡಿದರು, ಅಡಿಹಾಳೆಯನ್ನು ಉಗುರಿನಿಂದ ಸವರಿದರು. ಒಂದು ಗೀರೂ ಇರಲಿಲ್ಲ. ಅವತ್ತು ಸಂಜೆಯೇ ಕಿಟಕಿಯ ದೊಡ್ಡ ಗಾಜೊಂದನ್ನೂ ಟ್ಯೂಬ್‌ಲೈಟನ್ನೂ ರಿಕ್ಷಾದಲ್ಲಿ ಹಾಕಿಕೊಂಡು ಬಂದರು. ಚಂದ್ರಯ್ಯ ಕೆತ್ತುತ್ತಿದ್ದ ಹಲಗೆಯ ಮೇಲೆ ಗಾಜು ಕೂತಿತು, ಗಾಜಿನ ಮೇಲೆ ಮೇಷ್ಟ್ರು ಬರೆದ ನಕ್ಷೆ, ನಕ್ಷೆಯ ಮೇಲೆ ಕೆಂಪು ಹಾಳೆ ಕೂತವು, ಅಡಿಯಲ್ಲಿ ದೀಪ ಉರಿಯಿತು.

ಕೆಲಸ ಸುಲಭವಿರಲಿಲ್ಲ. ಬೆಂಡು ಚಾಕುವಿಗೆ ಬೆಣ್ಣೆಯಂತೆ ಒದಗುತ್ತದೆ, ಈ ಪೊರೆ ಹಾಗಲ್ಲ. ಮೊದಲ ವಾರ ಗೆರೆಯ ಕೊನೆಯಲ್ಲಿ ಚಾಕು ತಡೆಯದೆ ಮುಂದೆ ಜಾರುತ್ತಿತ್ತು. ಎರಡು ಹಾಳೆ ಹಾಳಾದವು. ಚಂದ್ರಯ್ಯ ಮೂಲೆಯ ಮಣೆಯಿಂದ ನೋಡುತ್ತಿದ್ದ. ಮಾತಾಡಬಾರದೆಂದು ಎಷ್ಟು ದಿನ ತಡೆದುಕೊಂಡಾನು?

"ಬೆರಳಲ್ಲಿ ಕೊಯ್ಬೇಡ ವಾಗೂ. ಭುಜದಲ್ಲಿ ಕೊಯ್ಯಿ. ಬೆರಳು ಚಾಕು ಹಿಡ್ಕೊಂಡ್ರೆ ಸಾಕು."

ಅವಳು ಭುಜದಿಂದ ಎಳೆದಳು. ಗೆರೆ ನೇರ ಬಂತು.

"ಮೂಲೆ ಬಂತು ಅನ್ನೂವಾಗ ಉಸಿರು ಬಿಡ್ಬೇಡ. ನಿಂತ ಮೇಲೆ ಬಿಡು."

"ಹೂಂ ಅಪ್ಪಯ್ಯ."

"ಇನ್ನೊಂದು ಕಡೆಯಿಂದ ಅದೇ ಮೂಲೆಗೆ ಬಾ. ಎರಡೂ ಗೆರೆ ಅಲ್ಲಿ ಮುಟ್ಬೇಕು, ದಾಟ್ಬಾರ್ದು."

ಹುಟ್ಟಿದಾಗಿನಿಂದ ಅವಳಿಗೆ ಸಿಗದಿದ್ದ ಪಾಠ ಹೀಗೆ ಕೆಂಪು ಹಾಳೆಯ ನೆಪದಲ್ಲಿ ಸಿಕ್ಕಿತು. ಅಡುಗೆ ಮುಗಿಸಿ ಹತ್ತು ಗಂಟೆಗೆ ಕೂತರೆ ಮೂರರವರೆಗೆ ಅಪ್ಪ ಮಗಳು ಒಂದೇ ಹಲಗೆಯ ಎರಡು ಬದಿಯಲ್ಲಿರುತ್ತಿದ್ದರು. ಹೇಳುವ ಭರದಲ್ಲಿ ಚಂದ್ರಯ್ಯ ಎಷ್ಟೋ ಸಲ ಬಲಗೈಯನ್ನು ಟವೆಲಿನಿಂದ ಹೊರಗೆ ತೆಗೆದು ಬೆರಳು ತೋರಿಸಿದ್ದುಂಟು. ವಾಗ್ದೇವಿ ತಲೆಯೆತ್ತುತ್ತಿರಲಿಲ್ಲ. ನೋಡಿದರೆ ಕೈ ಒಳಗೆ ಹೋಗುತ್ತದೆಂದು ಅವಳಿಗೆ ಗೊತ್ತಿತ್ತು.

ಮಾಘ ಮಾಸ ಮುಗಿಯುವುದರೊಳಗೆ ಏಳು ಹಾಳೆಯೂ ಆಯಿತು. ಮೇಷ್ಟ್ರು ಏಳನ್ನೂ ಒಂದರ ಮೇಲೊಂದಿಟ್ಟು ದೀಪ ಹಾಕಿದಾಗ ಗೆರೆಗೆ ಗೆರೆ ಕೂತಿತ್ತು. ಐದನೆಯ ಹಾಳೆಯ ಎಡಮೂಲೆಯೊಂದರಲ್ಲಿ ಮಾತ್ರ ಚಾಕು ಕೂದಲೆಳೆಯಷ್ಟು ಮುಂದೆ ಹೋಗಿತ್ತು. "ಅದು ಅಚ್ಚಿನಲ್ಲಿ ಬರೂದೇ ಇಲ್ಲ, ಬಿಡಿ ವಾಗ್ದೇವಮ್ಮ" ಎಂದರು ಮೇಷ್ಟ್ರು. ಹಾಳೆಗಳು ಬೆಂಗಳೂರಿಗೆ ಹೋದವು.

ಚಿಪ್ಪುಗಳು ಬಂದದ್ದು ೧೯೮೦ರ ನವರಾತ್ರಿಗೆ, ಮಾತ್ರೆಯ ಡಬ್ಬಿಯಲ್ಲಿ ಹತ್ತಿಯ ಮೇಲೆ ಕೂತು. ಒಟ್ಟು ಹನ್ನೆರಡು. ಒಂದೊಂದಕ್ಕೂ ಹುಳದ ಕಾಲಿನಂಥ ತಂತಿಗಳು. ಮೇಷ್ಟ್ರು ವಾಗ್ದೇವಿಯನ್ನೂ ಗಜಾನನನನ್ನೂ ಕಾಲೇಜಿಗೆ ಕರೆಸಿ ಮೈಕ್ರೋಸ್ಕೋಪಿನಲ್ಲಿ ಒಂದನ್ನು ತೋರಿಸಿದರು. ತಾನು ಮೂರು ತಿಂಗಳು ಕೊಯ್ದ ಚೌಕ, ಓಣಿ, ಸೇತುವೆಗಳೆಲ್ಲ ಬೆಳ್ಳಿಯ ಬಣ್ಣದಲ್ಲಿ ಕಂಡವು. ವಾಗ್ದೇವಿ ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. ಅವಳು ಹುಡುಕುತ್ತಿದ್ದದ್ದು ಐದನೆಯ ಹಾಳೆಯ ಆ ಮೂಲೆಯನ್ನು.

ತಂತಿ ಜೋಡಿಸಿ ಕರೆಂಟು ಕೊಟ್ಟರು. ಅಯಸ್ಕಾಂತ ಇನ್ನೂ ಕಪಾಟಿನಲ್ಲೇ ಇತ್ತು. ಆದರೂ ಮೀಟರಿನ ಮುಳ್ಳು ಒಂದೇ ನೆಗೆತಕ್ಕೆ ಕೊನೆ ಮುಟ್ಟಿ ಅಲ್ಲೇ ಅಂಟಿಕೊಂಡಿತು. ಇಲ್ಲದ ಅಯಸ್ಕಾಂತವನ್ನು ಇದೆಯೆಂದು ಹೇಳುವ ಚಿಪ್. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ. ಪಕ್ಕದ ಆಂಪ್ಲಿಫಯರು ಸುಳ್ಳನ್ನೂ ನೂರು ಪಾಲು ಹೆಚ್ಚಿಸಿ ಹೇಳುತ್ತಿತ್ತು. ಮೇಷ್ಟ್ರು ಕುರ್ಚಿಯಲ್ಲಿ ಕುಸಿದು ಕೂತರು.

"ಅದು ನನ್ನ ಮೂಲೆ" ಎಂದಳು ವಾಗ್ದೇವಿ.

ಆ ಹದಿನೈದು ದಿನ ಅವಳಿಗೆ ಅನ್ನ ಸೇರಲಿಲ್ಲ. ಬಾಸಿಂಗದ ಕೆಲಸವನ್ನೂ ಮುಟ್ಟಲಿಲ್ಲ. ಗಜಾನನ ಬಸ್ಸಿನ ನಗೆಮಾತುಗಳನ್ನೆಲ್ಲ ತಂದು ಸುರಿದರೂ ನಗಲಿಲ್ಲ. ಕಡೆಗೆ ಒಂದು ಭಾನುವಾರ ಮೇಷ್ಟ್ರೇ ಮನೆಗೆ ಬಂದರು. ಬಂದವರು ಕೂರುವ ಮೊದಲೇ, "ನಿಮ್ಮ ತಪ್ಪಲ್ಲ ಮಾರಾಯ್ರೆ!" ಎಂದರು.

"ಸುಳ್ಳು ಹೇಳ್ಬೇಡಿ ಮೇಷ್ಟ್ರೆ."

"ಕೇಳಿ ಇಲ್ಲಿ. ಆಂಪ್ಲಿಫಯರ್ ಬಿಡಿಸಿ ಬರೀ ತಟ್ಟೆಯನ್ನ ಅಳೆದೆ, ಹನ್ನೆರಡರದ್ದೂ. ಕೊಯ್ತದ ತಪ್ಪಾಗಿದ್ರೆ ಹನ್ನೆರಡೂ ಒಂದೇ ಸುಳ್ಳು ಹೇಳ್ಬೇಕಿತ್ತು, ಎಲ್ಲಾ ಅದೇ ಅಚ್ಚಿಂದ ಬಂದದ್ದಲ್ವಾ? ಇವು ಒಂದೊಂದು ಒಂದೊಂದು ಥರ ಹೇಳ್ತವೆ. ಊದುಬತ್ತಿ ಕಡ್ಡಿಯಿಂದ ಅಂಚು ಒತ್ತಿದೆ ನೋಡಿ, ಮುಳ್ಳು ಸರೀತು. ಚಿಪ್ಪನ್ನ ಕೂರಿಸಿ ಅಂಟು ಹಾಕ್ತಾರಲ್ಲ, ಆ ಅಂಟು ಒಣಗೂವಾಗ ಒಂದು ಕಡೆಗೆ ಜಗ್ತದೆ. ಜಗ್ಗಿದ ಕಡೆ ಕರೆಂಟು ವಾಲ್ತದೆ. ತಪ್ಪು ನನ್ನ ನಕ್ಷೆಯದ್ದು."

ವಾಗ್ದೇವಿಯ ಕಣ್ಣಲ್ಲಿ ನೀರು ಬಂತು. ಸೆರಗಿನಿಂದ ಒರೆಸಿಕೊಂಡು ಒಳಗೆ ಹೋಗಿ ಕಾಫಿ ತಂದಳು. ಮೇಷ್ಟ್ರು ಹೇಳಿದ್ದು ತಲೆಯಲ್ಲಿ ತಿರುಗುತ್ತಲೇ ಇತ್ತು. ಲೋಟ ಕೊಡುವಾಗ ಕೇಳಿದಳು:

"ಜಗ್ಗೂದು ಇಡೀ ಚಿಪ್ಪಿಗೆ ಒಂದೇ ದಿಕ್ಕಿಗಾ?"

"ಹೆಚ್ಚುಕಮ್ಮಿ ಹಾಗೇ."

"ನಮ್ಮಲ್ಲಿ ಶಿವನಿ ಮರದ ಪೆಟ್ಟಿಗೆ ಮುಚ್ಚಳಕ್ಕೆ ಒಂದೇ ಹಲಗೆ ಹಾಕಿದ್ರೆ ಸೊಟ್ಟಾಗ್ತದೆ. ಅಪ್ಪಯ್ಯ ಅದನ್ನೇ ತುಂಡು ಮಾಡಿ, ಒಂದರ ಎಳೆ ಹೀಗೆ, ಇನ್ನೊಂದರದ್ದು ಅಡ್ಡ, ತಿರುಗಿಸಿ ತಿರುಗಿಸಿ ಕೂಡಿಸ್ತಿದ್ರು. ಎಲ್ಲವೂ ಜಗ್ತವೆ, ಆದ್ರೆ ಒಂದನ್ನ ಇನ್ನೊಂದು ಹಿಡ್ಕೊಳ್ತದೆ. ಅಲ್ವಾ ಅಪ್ಪಯ್ಯ?"

"ಹೌದು, ನಾಲ್ಕು ತುಂಡು" ಎಂದ ಚಂದ್ರಯ್ಯ. "ಎರಡು ಸಾಲದು."

ಮೇಷ್ಟ್ರು ಕಾಫಿ ಕುಡಿಯಲಿಲ್ಲ. ಲೋಟ ಹಾಗೇ ಆರಿತು. ಅವರು ಜೇಬಿನಿಂದ ಬಸ್ ಟಿಕೆಟ್ ತೆಗೆದು ಅದರ ಬೆನ್ನಿಗೆ ನಾಲ್ಕು ಚೌಕ ಬರೆದರು. ಒಂದರಲ್ಲಿ ಕರೆಂಟು ಮೇಲಿಂದ ಕೆಳಗೆ, ಪಕ್ಕದ್ದರಲ್ಲಿ ಎಡದಿಂದ ಬಲಕ್ಕೆ, ಹೀಗೆ ಪ್ರತಿಯೊಂದನ್ನೂ ಕಾಲು ಸುತ್ತು ತಿರುಗಿಸಿ, ನಾಲ್ಕರ ತಂತಿಯನ್ನೂ ಒಟ್ಟಿಗೆ ಕಟ್ಟಿದರು. ಅಂಟು ಜಗ್ಗಿದರೆ ಒಂದು ತಟ್ಟೆ ಹೆಚ್ಚು ಹೇಳುತ್ತದೆ, ಪಕ್ಕದ್ದು ಅಷ್ಟೇ ಕಡಿಮೆ ಹೇಳುತ್ತದೆ. ಅಯಸ್ಕಾಂತಕ್ಕೆ ಮಾತ್ರ ನಾಲ್ಕೂ ಸೇರಿ ಒಂದೇ ಮಾತು ಹೇಳುತ್ತವೆ. ಅವರು ತಲೆಯೆತ್ತಿ ಅಪ್ಪ ಮಗಳನ್ನು ನೋಡಿದ ರೀತಿ ವಾಗ್ದೇವಿಗೆ ಎಷ್ಟೋ ವರ್ಷ ನೆನಪಿತ್ತು. ಬೇರೆ ದೇಶದಲ್ಲೂ ಯಾರೋ ಇದೇ ಉಪಾಯ ಕಂಡುಕೊಂಡಿದ್ದರೆಂದು ಮುಂದೊಂದು ದಿನ ಮೇಷ್ಟ್ರು ತಿಳಿಸಿದರು. "ಆದ್ರೆ ನನಗೆ ಹೇಳಿದ್ದು ನೀವು" ಎಂದೂ ಸೇರಿಸಿದರು.

ಮತ್ತೆ ಏಳು ಹಾಳೆ. ಈ ಸಲ ನಾಲ್ಕು ಪಾಲು ಮೂಲೆ. ೧೯೮೧ರ ಬೇಸಗೆಯಲ್ಲಿ ಕೊಯ್ದು ಮುಗಿಸಿದಳು, ಮರುವರ್ಷ ಶಿವರಾತ್ರಿಯ ಹೊತ್ತಿಗೆ ಚಿಪ್ಪು ಬಂತು. ಕರೆಂಟು ಕೊಟ್ಟಾಗ ಮುಳ್ಳು ಸೊನ್ನೆಯ ಪಕ್ಕದಲ್ಲಿ ಒಂದಿಷ್ಟು ಕಂಪಿಸಿ ನಿಂತಿತು. ಎಳ್ಳಿನಷ್ಟು ಅಯಸ್ಕಾಂತ ತಂದಾಗ ಮೆಲ್ಲಗೆ ಎದ್ದಿತು, ದೂರ ಒಯ್ದಾಗ ಮೆಲ್ಲಗೆ ಇಳಿಯಿತು.

ಚಿಪ್ಪನ್ನು ಡಾಕ್ಟರಿಗೆ ಒಪ್ಪಿಸಲು ತೀರ್ಥಹಳ್ಳಿಗೆ ಹೋಗುವ ದಿನ ನಿಶ್ಚಯವಾಯಿತು. ಹಿಂದಿನ ದಿನ ವಾಗ್ದೇವಿ ಅಪ್ಪನಿಗೆ ಊಟ ಬಡಿಸುತ್ತ, "ನೀನೂ ಬಾ ಅಪ್ಪಯ್ಯ" ಎಂದಳು.

"ನಾನ್ಯಾಕೆ?"

ಅವಳು ಅಪ್ಪನ ಬಲಗೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡಳು. ಐದು ವರ್ಷಗಳಲ್ಲಿ ಅದನ್ನು ಹಾಗೆ ಹಿಡಿದದ್ದು ಅದೇ ಮೊದಲು. ಅಂಗೈಯೊಳಗೆ ಅದು ಹಿಡಿದ ಹಕ್ಕಿಯಂತೆ ಮಿಡಿಯುತ್ತಿತ್ತು. ಚಂದ್ರಯ್ಯ ಎಳೆದುಕೊಳ್ಳಲಿಲ್ಲ.

"ಮೇಷ್ಟ್ರಿಗೆ ಗೊತ್ತಾ?"

"ಮೊದಲನೇ ದಿನವೇ ಗೊತ್ತಾಗಿರ್ಬೇಕು. ಒಂದ್ ಮಾತೂ ಕೇಳ್ಲಿಲ್ಲ ಅವ್ರು."

"ಬಸ್ಸಿನ ಮುಂದಿನ ಸೀಟು ಸಿಗ್ತದಾ ಕೇಳು ಗಜಾನನನಿಗೆ" ಎಂದ ಚಂದ್ರಯ್ಯ.

ಮುಂದಿನ ಸೀಟೇ ಸಿಕ್ಕಿತು. ಹೊಸನಗರದಲ್ಲಿ ಬಸ್ಸು ನಿಂತಾಗ ಗಜಾನನ ಎಲ್ಲರಿಗೂ ಇಡ್ಲಿ ಕೊಡಿಸಿದ. ಮಾವನಿಗೆ ಮಾತ್ರ ಚಮಚ ಬೇಡವೆಂದು ತಾನೇ ಎಲೆಯಲ್ಲಿ ಕಟ್ಟಿಸಿಕೊಂಡು ಬಂದ. ಯಾರೂ ನೋಡದ ಹಾಗೆ ಸೀಟಿನಲ್ಲೇ ತಿನ್ನಲಿ ಎಂದು.

ಡಾಕ್ಟರ್ ಮಹಾಗಣಪತಿ ಮೆತ್ತಗೆ ಮಾತಾಡುವ ಮನುಷ್ಯ. ಚಂದ್ರಯ್ಯನ ತೋರುಬೆರಳಿನ ಉಗುರಿಗೆ ಅಯಸ್ಕಾಂತ ಅಂಟಿಸಿ, ಕೈಯನ್ನು ದಿಂಬಿನ ಮೇಲಿಟ್ಟು, ಚಿಪ್ಪನ್ನು ಮರದ ಪಟ್ಟಿಯೊಂದರ ತುದಿಗೆ ಕೂರಿಸಿ ಬೆರಳಿನ ಪಕ್ಕಕ್ಕೆ ತಂದರು. ಅದರ ತಂತಿಯನ್ನು ಹೃದಯ ಪರೀಕ್ಷೆಯ ಇಸಿಜಿ ಯಂತ್ರಕ್ಕೆ ಜೋಡಿಸಿದರು. ಕಾಗದ ಹೊರಬರತೊಡಗಿತು. ಅದರ ಮೇಲೆ ಗೆರೆ ಮೇಲೆ ಕೆಳಗೆ, ಮೇಲೆ ಕೆಳಗೆ ಚೂಪಾಗಿ ಓಡುತ್ತಿತ್ತು.

"ಗರಗಸ" ಎಂದ ಚಂದ್ರಯ್ಯ. ದನಿ ಕುಗ್ಗಿತ್ತು.

"ಸುಮ್ಮನಿದ್ದಾಗ ಹೀಗೆ" ಎಂದರು ಡಾಕ್ಟರು. "ನಿಮ್ಮ ಕೆಲಸ ಮಾಡೂವಾಗ?"

"ಕೆಲಸ ಬಿಟ್ಟು ಐದು ವರ್ಷ ಆಯ್ತು."

ವಾಗ್ದೇವಿ ಚೀಲದಿಂದ ಬಟ್ಟೆಯ ಗಂಟು ತೆಗೆದಳು. ಅಟ್ಟದಿಂದ ಅವಳು ಅದನ್ನು ಇಳಿಸಿದ್ದು ಚಂದ್ರಯ್ಯನಿಗೆ ಗೊತ್ತಿರಲಿಲ್ಲ. ಅವನು ಉಳಿಗಳನ್ನು ನೋಡಿದ, ಮಗಳನ್ನು ನೋಡಿದ. ಆಮೇಲೆ ಅವುಗಳಲ್ಲೆಲ್ಲ ಸಣ್ಣದನ್ನು ಆರಿಸಿ ಹಿಡಿದು, ಅವಳು ಕೊಟ್ಟ ಶಿವನಿ ತುಂಡಿನ ಮೇಲೆ ಊರಿದ. ಡಾಕ್ಟರು ಚಿಪ್ಪನ್ನು ಮತ್ತೆ ಬೆರಳಿನ ಹತ್ತಿರಕ್ಕೆ ತಂದರು. ಉಳಿ ಒಂದು ಎಸಳಿನ ಬಳುಕು ಬಿಡಿಸುತ್ತ ಮುಂದೆ ಹೋಯಿತು.

ಕಾಗದದ ಮೇಲೆ ಹಲ್ಲುಗಳು ಗಿಡ್ಡವಾದವು, ಮತ್ತೂ ಗಿಡ್ಡವಾದವು, ಕಡೆಗೆ ಗೆರೆಯೊಂದು ಹರಿವ ನೀರಿನಂತೆ ನಯವಾಗಿ ಏರಿ ಇಳಿಯಿತು.

ಡಾಕ್ಟರು ಅಷ್ಟು ಕಾಗದ ಹರಿದು ಚಂದ್ರಯ್ಯನ ಮುಂದಿಟ್ಟರು. "ಈ ಕಾಯಿಲೆ ಸುಮ್ಮನಿರೋ ಕೈಯನ್ನ ಕಾಡ್ತದೆ. ಕೆಲಸದಲ್ಲಿರೋ ಕೈಯನ್ನ ಈಗ ಅಷ್ಟು ಕಾಡೂದಿಲ್ಲ. ಮುಂದೆ ಹೇಗೋ, ನಾನು ಮಾತು ಕೊಡೂದಿಲ್ಲ. ಮದ್ದು ಕೊಡ್ತೀನಿ. ಆದ್ರೆ ಕೆಲಸ ಬಿಡಿ ಅಂತ ಯಾರು ಹೇಳಿದ್ರು ನಿಮಗೆ?"

"ಯಾರೂ ಹೇಳ್ಲಿಲ್ಲ" ಎಂದ ಚಂದ್ರಯ್ಯ. "ನಾನೇ ಹೆದ್ರಿದ್ದು."

ಅವನು ಮತ್ತೆ ಕೆತ್ತಿದ. ಮೊದಲಿನಂಥ ಗಿಳಿಗಳನ್ನಲ್ಲ, ದೊಡ್ಡ ಎಸಳಿನ ಹೂಗಳನ್ನು, ಆನೆಗಳನ್ನು. ಎರಡು ಗೆರೆಯ ನಡುವೆ ನಿಂತಾಗ ನಡುಕ ಬರುತ್ತಿತ್ತು. ಬಂದಾಗ ಉಳಿಯನ್ನು ಮಗಳ ಕೈಗೆ ಕೊಡುತ್ತಿದ್ದ. "ಇಲ್ಲಿಂದ ನೀನು ಹೋಗು" ಎನ್ನುತ್ತಿದ್ದ. ಕೇರಿಯ ಹಿರಿಯರೊಬ್ಬರು ಹೆಣ್ಣಿನ ಕೈಗೆ ಉಳಿ ಕೊಡುವುದೆಂದರೇನು ಎಂದು ಕೇಳಲು ಬಂದವರು, ಒಂದು ಗಂಟೆ ನೋಡುತ್ತ ಕೂತು, ಕೇಳದೆ ಎದ್ದು ಹೋದರು. ತೀರ್ಥಹಳ್ಳಿಯಲ್ಲಿ ಆ ಚಿಪ್ಪು ಹಲವಾರು ಕೈಗಳ ಗೆರೆ ಬರೆಯಿತು. ಯಾವ ಮದ್ದು ಯಾರಿಗೆ ಎಷ್ಟು ಹಿಡಿಯಿತೆಂದು ಡಾಕ್ಟರು ಬರೆದಿಟ್ಟರು. ಗಿರಿಯಪ್ಪ ಮೇಷ್ಟ್ರು ಲೇಖನವೊಂದನ್ನು ಮಾಡಿ ಹೊರದೇಶದ ಪತ್ರಿಕೆಗೆ ಕಳಿಸಿದರು. ಲೇಖಕರು ಮೂವರು: ಮೇಷ್ಟ್ರು, ಡಾಕ್ಟರು, ವಿ. ಗುಡಿಗಾರ್.

೧೯೮೪ರ ಒಂದು ಮಧ್ಯಾಹ್ನ ಪೋಸ್ಟ್‌ಮ್ಯಾನ್ ವಾಸಪ್ಪ ಕೇರಿಯಲ್ಲಿ ಮನೆ ಮನೆಗೂ ಕೇಳುತ್ತ ಬಂದ. "ಡಾಕ್ಟರ್ ಗುಡಿಗಾರ್ ಅಂತ ಯಾರಿದ್ದಾರೆ ಇಲ್ಲಿ? ಪೋಲೆಂಡ್ ದೇಶದಿಂದ ಕಾರ್ಡು ಬಂದದೆ."

ಗಜಾನನ ಅವತ್ತು ರಜೆಯಲ್ಲಿದ್ದ. ಅಂಗಳಕ್ಕೆ ಹಾರಿ ಬಂದು ಕಾರ್ಡು ಇಸಿದುಕೊಂಡ. "ಡಾಕ್ಟ್ರು ಒಳಗೆ ದೋಸೆ ಹೊಯ್ತಾ ಇದ್ದಾರೆ!" ಎಂದು ಇಡೀ ಕೇರಿಗೆ ಕೇಳುವಂತೆ ಕೂಗಿದ. ವಾಗ್ದೇವಿ ಕೈ ಒರೆಸಿಕೊಳ್ಳುತ್ತ ಬಂದು, ಏನೋ ಅನಾಹುತವಾಯಿತೆಂದು ಹೆದರಿ ನಿಂತಳು. ಕಾರ್ಡಿನಲ್ಲಿದ್ದದ್ದು ನಾಲ್ಕೇ ಸಾಲು. ಸಂಜೆ ಮೇಷ್ಟ್ರು ಬಂದು ಅರ್ಥ ಹೇಳಿದರು: ಅಲ್ಲಿಯ ಆಸ್ಪತ್ರೆಯೊಂದರವರು ಲೇಖನದ ಪ್ರತಿ ಕೇಳಿದ್ದರು, ನಕ್ಷೆಯ ಮೂಲೆಗಳನ್ನು ಅಷ್ಟು ಸಮವಾಗಿ ಕೊಯ್ದದ್ದು ಯಾವ ಯಂತ್ರದಿಂದ ಎಂದು ವಿಚಾರಿಸಿದ್ದರು.

"ಯಂತ್ರದ ಹೆಸರು ಎಂತ ಬರೀಲಿ?" ಎಂದು ಮೇಷ್ಟ್ರು ಪೆನ್ನು ತೆಗೆದರು.

ವಾಗ್ದೇವಿ ನಾಚಿ ಅಪ್ಪನ ಕಡೆ ನೋಡಿದಳು. ಚಂದ್ರಯ್ಯ ಆನೆಯ ಸೊಂಡಿಲಿನ ಮೇಲೆ ಉಳಿ ಊರಿದವನು ಹಾಗೇ ನಿಂತಿದ್ದ. ಬಲಗೈ ನಡುಗುತ್ತಿತ್ತು, ಅದನ್ನು ಅವನು ಮುಚ್ಚಿಕೊಂಡಿರಲಿಲ್ಲ.

"ಅದು ಆಮೇಲೆ ಬರೀರಿ ಮೇಷ್ಟ್ರೆ" ಎಂದ. "ಮೊದಲು ಆ ವಿಳಾಸ ಇನ್ನೊಂದ್ ಸಲ ಓದಿ. ಹೆಸರಿಂದ ಓದಿ."